ಯಾರೂ ಬಳಸುತ್ತಿಲ್ಲ ಎಂದು ಬರೆದವನು

ಅಂಕಲ್ ಅವರ ಎಡಗಿವಿ ಬಲಗಿವಿಗಿಂತ ಒಂದು ಛಾಯೆ ಹೆಚ್ಚು ಕೆಂಪು. ಪರ್ತ್‌ನ ಬೇಸಿಗೆಯಲ್ಲಂತೂ ಅದು ಯಾರೋ ಈಗಷ್ಟೇ ಹಿಂಡಿ ಬಿಟ್ಟ ಕಿವಿಯ ಹಾಗೆ ಕಾಣುತ್ತಿತ್ತು. ಪ್ರತಿ ಸೋಮವಾರ ಬೆಳಿಗ್ಗೆ ಕೆಲಸಕ್ಕೆ ಹೊರಡುವ ಮೊದಲು ಅವರು ಗ್ಯಾರೇಜಿನಲ್ಲಿ ಮೊಣಕಾಲೂರಿ, ಆ ಕಿವಿಯನ್ನು ಒಂದು ಹಳೆಯ ಕಂಪ್ಯೂಟರಿನ ಕಬ್ಬಿಣದ ಪಕ್ಕೆಗೆ ಒತ್ತಿ ಹಿಡಿಯುತ್ತಿದ್ದರು. ಒಳಗೆ ಡಿಸ್ಕ್ ತಿರುಗತೊಡಗಿತೇ ಎಂದು ಕೇಳಿಸಿಕೊಳ್ಳಲು. ಪರದೆಯ ಮೇಲೆ ಅಕ್ಷರ ಮೂಡಲು ಇನ್ನೂ ಎಷ್ಟೋ ಹೊತ್ತಿರುತ್ತಿತ್ತು. ಅಷ್ಟು ಹೊತ್ತು ಕಾಯುವ ತಾಳ್ಮೆ ಅವರಿಗಿರಲಿಲ್ಲ. "ಎದ್ದಿತು" ಎಂದು ಇಡೀ ಬೀದಿಗೆ ಕೇಳುವಂತೆ ಸಾರಿ, ಚಹಾ ಕುಡಿಯಲು ಒಳಗೆ ಹೋಗುತ್ತಿದ್ದರು.

ಇಡೀ ಬೀದಿಗೆ ಕೇಳಿಸುತ್ತಿತ್ತೋ ಇಲ್ಲವೋ, ನನಗಂತೂ ಕೇಳಿಸುತ್ತಿತ್ತು. ಬೆಂಟ್ಲಿಯ ಯೂನಿವರ್ಸಿಟಿಯಲ್ಲಿ ಓದುತ್ತಿದ್ದ ನಾನು ಅವರ ಮನೆಯ ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದೆ. ನನ್ನ ದಿಂಬಿಗೂ ಆ ಯಂತ್ರಕ್ಕೂ ನಡುವೆ ಒಂದು ತೆಳ್ಳನೆಯ ಗೋಡೆ. ಮೈಸೂರಿನಲ್ಲಿ ಅಮ್ಮ ಎಬ್ಬಿಸಿದರೂ ಏಳದವನು ಪರ್ತ್‌ನಲ್ಲಿ ಒಂದು ಡಿಸ್ಕಿನ ಜೊತೆಗೆ ಏಳುವವನಾದೆ.

ಅಂಕಲ್ ಮಂಗಳೂರಿನ ಕಡೆಯ ಕ್ರೈಸ್ತರು. ಗಲ್ಫ್‌ನಲ್ಲಿ ವರ್ಷಗಟ್ಟಲೆ ದುಡಿದು, ಅಲ್ಲಿಂದ ಇಲ್ಲಿಗೆ ಬಂದವರು. ವೆಲ್ಷ್‌ಪೂಲ್‌ನ ಒಂದು ಕಾರ್ಖಾನೆಯಲ್ಲಿ ಇಂಜಿನಿಯರ್. ಆದರೆ ಯಾರಾದರೂ "ಏನು ಕೆಲಸ ಮಾಡ್ತೀರಿ?" ಎಂದು ಕೇಳಿದರೆ ಕಾರ್ಖಾನೆಯ ಹೆಸರು ಹೇಳುತ್ತಿರಲಿಲ್ಲ. ಎದೆ ಸ್ವಲ್ಪ ಮುಂದೆ ತಂದು, "ನಾನು ಕರ್ನೆಲ್‌ನಲ್ಲಿ ಮೇಂಟೇನರ್" ಎನ್ನುತ್ತಿದ್ದರು. ಕನ್ನಡ ಸಂಘದ ಪಾಟ್‌ಲಕ್ ಊಟದಲ್ಲಿ ಒಬ್ಬ ಹಿರಿಯರು ಅದನ್ನು ಸೈನ್ಯದ ಕರ್ನಲ್ ಎಂದುಕೊಂಡು ಎದ್ದು ನಿಂತರೆಂದು ನಾನು ಕಥೆ ಕಟ್ಟಿ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದೆ. ಸುಳ್ಳು. ಆದರೆ ಅಂಕಲ್ ಎದೆ ಉಬ್ಬಿಸಿದ್ದು ನಿಜ.

ಕರ್ನೆಲ್ ಎಂದರೆ ಕಂಪ್ಯೂಟರಿನ ಆಪರೇಟಿಂಗ್ ಸಿಸ್ಟಮ್‌ನ ಒಳತಿರುಳು. ಜಗತ್ತಿನ ಸಾವಿರಾರು ಜನ ಸೇರಿ ಬರೆಯುವ, ಎಲ್ಲರೂ ನೋಡಬಹುದಾದ ಒಂದು ಕರ್ನೆಲ್‌ನಲ್ಲಿ ಒಂದೇ ಒಂದು ಪುಟ್ಟ ಫೈಲ್ ಅಂಕಲ್ ಅವರ ಸುಪರ್ದಿಯಲ್ಲಿತ್ತು. ಹಾಗೆ ನೋಡಿಕೊಳ್ಳುವವನೇ ಮೇಂಟೇನರ್. ಅದೇನು ಮಾಡುತ್ತದೆ ಎಂದು ನಾನು ಕೇಳಿದ ದಿನ ಅವರು ಟೀ ಕಪ್ ಕೆಳಗಿಟ್ಟು ಹೇಳಿದ್ದು ಹೀಗೆ:

"ನೀನು ದುಬೈ ಏರ್‌ಪೋರ್ಟಿನಲ್ಲಿ ಇಳಿದೆ ಮಾರಾಯ. ಆಫೀಸರ್ ಎಂತ ಮಾಡ್ತಾನೆ? ನಿನ್ನ ಮುಖ ನೋಡುದಿಲ್ಲ. ಪಾಸ್‌ಪೋರ್ಟಿನ ಮೊದಲ ಪುಟ ನೋಡ್ತಾನೆ. ಇಂಥ ದೇಶವಾ, ಆ ಕೌಂಟರಿಗೆ ಹೋಗು. ಕರ್ನೆಲ್ ಕೂಡ ಹಾಗೆ. ಪ್ರೋಗ್ರಾಮ್ ಓಡಿಸು ಅಂದ್ರೆ ಅದರ ಮೊದಲ ನಾಲ್ಕಕ್ಷರ ನೋಡ್ತದೆ. ಯಾವ ರೂಪದ್ದು ಅಂತ ಗೊತ್ತಾದ್ರೆ ಆ ಕೌಂಟರಿಗೆ ಕಳಿಸ್ತದೆ. ಒಂದು ಹಳೇ ಪ್ರೊಸೆಸರ್ ಉಂಟು, ಅದಕ್ಕೆ ಅಂತಲೇ ಕಟ್ಟಿದ ಪ್ರೋಗ್ರಾಮುಗಳುಂಟು. ಅವುಗಳ ಕೌಂಟರಿನಲ್ಲಿ ಕೂತವ ನಾನು."

"ಆ ಕೌಂಟರಿಗೆ ದಿನಕ್ಕೆ ಎಷ್ಟು ಜನ ಬರ್ತಾರೆ ಅಂಕಲ್?"

"ಎಷ್ಟು ಜನ ಬರ್ತಾರೆ ಅಂತ ನೋಡುದು ಅಂಗಡಿಯವನ ಕೆಲಸ. ಕೌಂಟರ್ ತೆರೆದಿರ್ಬೇಕು, ಅಷ್ಟೆ."

ತೆರೆದಿಡುವುದು ಸುಲಭವಲ್ಲ. ಕರ್ನೆಲ್‌ನ ನಡುಭಾಗದಲ್ಲಿ ಯಾರಾದರೂ ಏನನ್ನಾದರೂ ಬದಲಿಸಿದರೆ ಅಂಚಿನ ಇಂಥ ಫೈಲುಗಳು ಮುರಿಯುತ್ತವೆ. ಹೊಸ ಕರ್ನೆಲ್‌ನ ಪರೀಕ್ಷಾ ಆವೃತ್ತಿ ಅಮೆರಿಕದ ಭಾನುವಾರ ಹೊರಬೀಳುತ್ತದೆ, ಅಂದರೆ ನಮ್ಮ ಸೋಮವಾರ ಬೆಳಿಗ್ಗೆ. ಅದಕ್ಕೇ ಆ ಸೋಮವಾರದ ಕಿವಿ. ಅಂಕಲ್ ಅದನ್ನು ನಿಜವಾದ ಯಂತ್ರದ ಮೇಲೆ ಓಡಿಸಿ, ಮುರಿದಿದ್ದರೆ ಪ್ಯಾಚ್, ಅಂದರೆ ತಿದ್ದುಪಡಿ, ಬರೆದು, ಕರ್ನೆಲ್ ಬರೆಯುವವರೆಲ್ಲ ಓದುವ ಮೇಲಿಂಗ್ ಲಿಸ್ಟಿಗೆ "ನಾನು ಪರೀಕ್ಷಿಸಿದ್ದೇನೆ" ಎಂದು ಸಹಿ ಹಾಕುತ್ತಿದ್ದರು. ಯಂತ್ರ ಮುಟ್ಟದೆ ಆ ಸಹಿ ಹಾಕುವವರನ್ನು ಕಂಡರೆ ಅವರಿಗೆ ಮೈಯೆಲ್ಲ ಉರಿ.

ನಾನು ಅಣಕು ಕಲಾವಿದ. ಯಾರ ಜೊತೆ ಅರ್ಧ ಗಂಟೆ ಕೂತರೂ ಅವರ ಕೆಮ್ಮು, ನಗು, ಫೋನೆತ್ತುವ ರೀತಿ ನನ್ನೊಳಗೆ ಬಂದು ಕೂರುತ್ತವೆ. ನನ್ನನ್ನೇ ನಾನು ಅಣಕಿಸುವಾಗ ಎಲ್ಲರೂ ಹೆಚ್ಚು ನಗುತ್ತಾರೆ ಎಂಬುದು ಸ್ವಲ್ಪ ಬೇಸರದ ಸಂಗತಿ. ಅಂಕಲ್ ನನ್ನ ಅತ್ಯುತ್ತಮ ಪಾತ್ರವಾಗಿದ್ದರು. ಒಂದು ಕ್ರಿಸ್ಮಸ್ ಮಧ್ಯಾಹ್ನ, ಸಮುದ್ರದ ಗಾಳಿ ಇನ್ನೂ ಬರದೆ ಎಲ್ಲರೂ ಹಿತ್ತಲಲ್ಲಿ ಬೆವರುತ್ತ ಹಬ್ಬದ ತಿಂಡಿ ಕುಸ್ವಾರ್ ತಿನ್ನುತ್ತಿದ್ದಾಗ, ನಾನು ಮೊಣಕಾಲೂರಿ, ಬಿಯರ್ ತುಂಬಿದ ಐಸ್ ಪೆಟ್ಟಿಗೆಗೆ ಕಿವಿ ಹಚ್ಚಿ, ಕಣ್ಣು ಮುಚ್ಚಿ, "ಎದ್ದಿತು" ಎಂದೆ. ಹಿತ್ತಲಿಗೆ ಹಿತ್ತಲೇ ನಕ್ಕಿತು. ತಿರುಗಿದರೆ ಹಿಂದೆ ಅಂಕಲ್.

"ತಪ್ಪು," ಎಂದರು. "ಅದು ಬಲಗಿವಿ. ನಂದು ಎಡದ್ದು. ಪರೀಕ್ಷೆ ಮಾಡದೆ ಪ್ಯಾಚ್ ಕಳಿಸ್ಬೇಡ."

ಆಂಟಿ, ಅಂದರೆ ಅಂಕಲ್ ಅವರ ಹೆಂಡತಿ, ನಗು ತಡೆಯಲಾಗದೆ ಏಪ್ರನ್ನಿನಲ್ಲಿ ಮುಖ ಮುಚ್ಚಿಕೊಂಡರು. ನನಗೆ ಮೀನು ತಿನ್ನುವುದನ್ನು ಕಲಿಸಿದ್ದು ಈ ಆಂಟಿ. ಅಮ್ಮನಿಗೆ ಈಗಲೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಕ್ಷಮಿಸಮ್ಮ.

ಆ ಕೌಂಟರಿಗೆ ಬರುತ್ತಿದ್ದ ಏಕೈಕ ಗಿರಾಕಿಯೂ ಈ ಆಂಟಿಯೇ. ಗಲ್ಫ್‌ನಲ್ಲಿ ಅಂಕಲ್‌ರ ಜೊತೆಗೆ ಕೋಣೆ ಹಂಚಿಕೊಂಡಿದ್ದ ಗೆಳೆಯರೊಬ್ಬರು ಆಂಟಿಯ ಚರ್ಚ್ ಕ್ವಾಯರ್‌ಗಾಗಿ ಒಂದು ಪ್ರೋಗ್ರಾಮ್ ಬರೆದುಕೊಟ್ಟಿದ್ದರಂತೆ, ಆ ಹಳೇ ಪ್ರೊಸೆಸರ್‌ನ ಮೇಲೆ. ಕೀರ್ತನೆಯ ಸ್ವರಗಳನ್ನು ಟೈಪ್ ಮಾಡಿದರೆ ಯಂತ್ರ ಬೀಪ್ ಬೀಪ್ ಎಂದು ನುಡಿಸುತ್ತದೆ. ಒಂದು ಕೀಲಿ ಒತ್ತಿದರೆ ಇಡೀ ಹಾಡನ್ನು ಒಂದು ಸ್ವರ ಕೆಳಗಿಳಿಸುತ್ತದೆ. ಗೆಳೆಯರು ತೀರಿಕೊಂಡರು. ಪ್ರೋಗ್ರಾಮಿನ ಮೂಲ ಬರಹ, ಬೇರೆ ಯಂತ್ರಕ್ಕೆ ಅದನ್ನು ಮತ್ತೆ ಕಟ್ಟಲು ಬೇಕಾದದ್ದು, ಎಲ್ಲಿ ಹೋಯಿತೋ ಯಾರಿಗೂ ತಿಳಿಯದು. ಉಳಿದದ್ದು ಕಟ್ಟಿದ ಪ್ರೋಗ್ರಾಮ್ ಮಾತ್ರ, ಮತ್ತು ಅದರ ಹೊಟ್ಟೆಯಲ್ಲಿ ಆಂಟಿ ಅಂದಿನಿಂದ ತುಂಬುತ್ತ ಬಂದ ಕೊಂಕಣಿ ಕೀರ್ತನೆಗಳು. ಎಷ್ಟೋ ಅವರೇ ರಾಗ ಕಟ್ಟಿದವು. ಅವನ್ನು ಬೇರೆ ಯಾವ ಪ್ರೋಗ್ರಾಮೂ ಓದಲಾರದು.

ನಾನೊಮ್ಮೆ ಜಂಭದಿಂದ ಆಂಟಿಯ ಫೋನಿಗೆ ಒಂದು ಸಂಗೀತದ ಆ್ಯಪ್ ಹಾಕಿಕೊಟ್ಟೆ. ಎರಡು ವಾರದ ನಂತರ ಹೇಗಿದೆ ಎಂದೆ.

"ಒಳ್ಳೇದುಂಟು ಪುತಾ," ಎಂದರು. ಕೊಂಕಣಿಯಲ್ಲಿ ಮಗನನ್ನು ಹಾಗೆ ಕರೆಯುತ್ತಾರೆ. "ಆದ್ರೆ ಅದಕ್ಕೆ ನನ್ನ ಒಂದೂ ಹಾಡು ಗೊತ್ತಿಲ್ಲ. ನಮ್ಮ ಕ್ವಾಯರಿನ ಹೆಂಗಸರಿಗೆ ವಯಸ್ಸಾಯ್ತು, ವರ್ಷ ವರ್ಷ ಗಂಟಲು ಕೆಳಗೆ ಇಳೀತಾ ಉಂಟು. ಹಾಡೂ ಇಳೀಬೇಕಲ್ಲ?"

ಅಂಕಲ್ ನನಗೆ ಕೆಲಸ ಕಲಿಸಿದ್ದು ಆ ಗ್ಯಾರೇಜಿನಲ್ಲಿ. ಒಳ್ಳೆಯ ಮೇಷ್ಟ್ರೇನಲ್ಲ. ಮೆಚ್ಚುಗೆಯ ವಿಷಯದಲ್ಲಿ ಮಹಾ ಜಿಪುಣ, ಬೇಗ ಸಿಟ್ಟು, ಚರ್ಚೆಯಲ್ಲಿ ಸೋತರೆ ಇಡೀ ದಿನ ಮಾತಿಲ್ಲ. ನನ್ನ ಮೊದಲ ಪ್ಯಾಚನ್ನು ಎಷ್ಟು ಸಲ ಹಿಂದಿರುಗಿಸಿದರೆಂದರೆ, ಅದು ಕರ್ನೆಲ್‌ಗೆ ಸೇರುವ ಹೊತ್ತಿಗೆ ಅದರಲ್ಲಿ ನನ್ನದು ಎಂದು ಉಳಿದದ್ದು ಹೆಸರೊಂದೇ. ಪ್ರತಿ ಸಲವೂ ಅದೇ ತಕರಾರು: "ಎಂತ ಮಾಡಿದ್ದೀ ಅಂತ ಕೋಡೇ ಹೇಳ್ತದೆ. ಯಾಕೆ ಮಾಡಿದ್ದೀ ಅಂತ ನೀನು ಬರಿ. ನಾಳೆ ನೀನಿಲ್ಲದಾಗ ಓದುವವನಿಗೆ ಅದು ಬೇಕು."

ಕೊನೆಗೊಂದು ದಿನ ಕರ್ನೆಲ್‌ನ ಮೇಂಟೇನರುಗಳ ಪಟ್ಟಿಯಲ್ಲಿ ತಮ್ಮ ಹೆಸರಿನ ಕೆಳಗೆ ನನ್ನ ಹೆಸರನ್ನೂ ಸೇರಿಸಿದರು. ನನಗೆ ಹೇಳಲೂ ಇಲ್ಲ. ಲಿಸ್ಟಿನಲ್ಲಿ ನೋಡಿ ಗೊತ್ತಾಯಿತು. ಸ್ಕ್ರೀನ್‌ಶಾಟ್ ಮೈಸೂರಿಗೆ ಹೋಯಿತು. ಅಮ್ಮ ಅದನ್ನು ಅರ್ಥವಾಗದೆಯೇ ನೆಂಟರ ಗುಂಪಿಗೆಲ್ಲ ಹಂಚಿದರು. ಅಡಿಲೇಡ್‌ನ ಮಾಸನ್ ಲೇಕ್ಸ್‌ನಲ್ಲಿ, ಹೊಸ ಪ್ರೊಸೆಸರ್ ತಯಾರಿಸುವ ಒಂದು ಕಂಪನಿಯಲ್ಲಿ ನನಗೆ ಕೆಲಸ ಸಿಕ್ಕಿದ್ದು ಆ ಒಂದು ಸಾಲಿನಿಂದ. ಇಂಟರ್‌ವ್ಯೂನಲ್ಲಿ ಬೇರೇನನ್ನೂ ಕೇಳಲಿಲ್ಲ ಎಂದರೂ ತಪ್ಪಾಗದು.

ನಾನು ಅಡಿಲೇಡ್‌ಗೆ ಬಂದ ಮೇಲೆ ಅಂಕಲ್‌ರ ಮೂತ್ರಪಿಂಡಗಳು ಕೈಕೊಟ್ಟವು. ಮಗಳು ಬ್ರಿಸ್ಬೇನ್‌ನಲ್ಲಿದ್ದಳು, ದಂಪತಿ ಅಲ್ಲಿಗೆ ಹೋದರು. ಯಂತ್ರವೂ ಆಂಟಿಯ ಎರಡು ರಜಾಯಿಗಳನ್ನು ಸುತ್ತಿಕೊಂಡು ಲಾರಿಯಲ್ಲಿ ಇಡೀ ದೇಶ ದಾಟಿ ಹೋಯಿತು. ಡಯಾಲಿಸಿಸ್ ಇಲ್ಲದ ಸೋಮವಾರಗಳಲ್ಲಿ ಕಿವಿಯ ಪರೀಕ್ಷೆ ನಡೆಯುತ್ತಿತ್ತು. ಇದ್ದ ಸೋಮವಾರಗಳಲ್ಲಿ ಆಂಟಿ ಕಿವಿ ಇಟ್ಟು ಆಸ್ಪತ್ರೆಗೆ ಫೋನಿನಲ್ಲಿ ವರದಿ ಮಾಡುತ್ತಿದ್ದರು.

ಆಗ ಲಿಸ್ಟಿಗೆ ಆ ಮೇಲ್ ಬಂತು. ಪ್ರೋಗ್ರಾಮುಗಳನ್ನು ಓಡಿಸುವ ನಡುಭಾಗವನ್ನು ಹೊಸದಾಗಿ ಬರೆಯುತ್ತಿದ್ದ ಒಬ್ಬರು ಅಂಕಲ್‌ರ ಫೈಲಿನ ಬಗ್ಗೆ ವಿನಯದಿಂದಲೇ ಕೇಳಿದ್ದರು: ಈ ಹಳೆಯ ರೂಪವನ್ನು ಈಗಲೂ ಯಾರಾದರೂ ಬಳಸುತ್ತಿದ್ದೀರಾ? ಒಬ್ಬರಾದರೂ ಇದ್ದರೆ ಉಳಿಸಿಕೊಂಡು ಹೋಗುವ ದಾರಿ ಹುಡುಕುತ್ತೇನೆ, ಕೆಲಸ ಒಂದೆರಡು ಆವೃತ್ತಿ ತಡವಾದೀತು. ಯಾರೂ ಇಲ್ಲದಿದ್ದರೆ ತೆಗೆದುಹಾಕೋಣ.

ಆ ಲೋಕದ ರೂಢಿಯೇ ಹಾಗೆ. ಒಬ್ಬ ನಿಜವಾದ ಬಳಕೆದಾರ ಕೈ ಎತ್ತಿದರೆ ಸಾಕು, ಕೌಂಟರ್ ಮುಚ್ಚುವುದಿಲ್ಲ.

ತಡವಾದರೆ ಸಿಕ್ಕಿಹಾಕಿಕೊಳ್ಳುವವನು ನಾನಾಗಿದ್ದೆ. ನಮ್ಮ ಕಂಪನಿಯ ಹೊಸ ಪ್ರೊಸೆಸರಿಗಾಗಿ ನಾನು ಬರೆದ ಪ್ಯಾಚುಗಳು ಆ ಹೊಸ ನಡುಭಾಗಕ್ಕಾಗಿಯೇ ಕಾದು ಕೂತಿದ್ದವು. ಅವು ಒಳಗೆ ಹೋದರೆ ನನ್ನ ಪ್ರೊಬೇಷನ್ ಮುಗಿದು, ಕಂಪನಿ ವೀಸಾ ಪತ್ರಕ್ಕೆ ಸಹಿ ಹಾಕುತ್ತದೆ. ನಮ್ಮ ಟೀಮ್ ಲೀಡ್ ಬೆಂಗಳೂರಿನವನು. ನನ್ನ ಕುರ್ಚಿಯ ಹಿಂದೆ ಬಂದು ನಿಂತ.

"ಏನೋ, ಆ ಮ್ಯೂಸಿಯಮ್ ಪೀಸಿಗೆ ನೀನೇ ಅಂತಲ್ಲಪ್ಪ ಮೇಂಟೇನರ್ರು? ಒಂದು ರಿಪ್ಲೈ ಒಗಾಯಿಸು. ಈ ಆರ್ವೋ ಒಳಗೆ ಆಗ್ಬಿಟ್ರೆ ಒಳ್ಳೇದು. ನಾಳೆ ನಿನ್ನ ರಿವ್ಯೂ ಬೇರೆ ಇದೆ."

ಆರ್ವೋ ಎಂದರೆ ಇಲ್ಲಿಯವರ ಬಾಯಲ್ಲಿ ಮಧ್ಯಾಹ್ನ. ನಾನು ಹೊರಗೆ ಕೆರೆಯ ದಂಡೆಗೆ ಹೋಗಿ ಬ್ರಿಸ್ಬೇನ್‌ಗೆ ಫೋನ್ ಮಾಡಿದೆ.

"ಅಂಕಲ್, ಮೇಲ್ ನೋಡಿದ್ರಾ?"

"ನೋಡಿದೆ. ಸಭ್ಯ ಮನುಷ್ಯ. ಯಾಕೆ ಅಂತ ಸರಿಯಾಗಿ ಬರ್ದಿದ್ದಾನೆ."

"ಏನಂತ ಉತ್ತರ ಕೊಡೋಣ? ಯೂಸರ್ ಅಂತ... ನೀವು ಇದ್ದೀರಲ್ಲ."

"ನಾನು ಮೇಂಟೇನರ್. ಮೇಂಟೇನರ್ ತನ್ನನ್ನೇ ಯೂಸರ್ ಅಂತ ಲೆಕ್ಕ ಹಾಕಿಕೊಂಡ್ರೆ ಕರ್ನೆಲ್‌ನಲ್ಲಿ ಒಂದು ಕಸವೂ ಹೊರಗೆ ಹೋಗ್ಲಿಕ್ಕಿಲ್ಲ."

"ಆಂಟಿ?"

"ಅವಳು ಮೇಂಟೇನರನ ಹೆಂಡತಿ. ನನ್ನ ಬಾಯಿಂದ ಹೇಳಿದ್ರೆ ನಗ್ತಾರೆ."

ಹಿಂದಿನಿಂದ ಆಂಟಿಯ ದನಿ ತೂರಿ ಬಂತು: "ಹೌದಾ? ಹಾಗಾದ್ರೆ ಇವತ್ತಿನ ಊಟವನ್ನೂ ನೀವೇ ಮೇಂಟೇನ್ ಮಾಡಿಕೊಳ್ಳಿ!"

ಅಂಕಲ್ ನಗಲಿಲ್ಲ. "ನಿನ್ನ ಹೆಸರೂ ಉಂಟಲ್ಲ ಪಟ್ಟಿಯಲ್ಲಿ," ಎಂದರು. "ನೀನೇ ಬರಿ. ನಿನಗೆ ಸರಿ ಕಂಡದ್ದು ಬರಿ."

ನಾನು ದಡ್ಡನಲ್ಲ. ಜನರ ದನಿಯನ್ನು ಕದಿಯುವುದೇ ಕಸುಬಾಗಿರುವವನಿಗೆ ದನಿಯ ಒಳಗಿರುವುದು ಕೇಳಿಸದೆ ಇರುತ್ತದೆಯೇ? ತನ್ನ ಬಾಯಿಂದ ಹೇಳಲಾಗದ್ದನ್ನು ನಾನು ಹೇಳಲಿ ಎಂದು ಅವರು ಬಾಗಿಲು ತೆರೆದಿಟ್ಟಿದ್ದರು. ಒಂದು ಸಾಲು ಸಾಕಿತ್ತು. ಬ್ರಿಸ್ಬೇನ್‌ನಲ್ಲಿ ಒಬ್ಬರು ಇದನ್ನು ವಾರವಾರ ಬಳಸುತ್ತಾರೆ, ನನಗೆ ಅವರು ಗೊತ್ತು, ಅವರ ಕೈಯ ಊಟ ಉಂಡಿದ್ದೇನೆ.

ಒಳಗೆ ಹೋಗಿ ಬರೆದೆ: ನಮಗೆ ತಿಳಿದಂತೆ ಯಾರೂ ಬಳಸುತ್ತಿಲ್ಲ. ತೆಗೆಯುವ ಪ್ಯಾಚನ್ನು ನಾನೇ ಕಳಿಸುತ್ತೇನೆ.

ಮತ್ತು ಎಷ್ಟು ಚೆನ್ನಾಗಿ ಬರೆದೆ! ಗಿಡ್ಡ ವಾಕ್ಯಗಳು, ಒಣ ಸೌಜನ್ಯ, ಕೊನೆಯಲ್ಲಿ ಒಂದು ಸಣ್ಣ ಚಟಾಕಿ. ಅಚ್ಚು ಅಂಕಲ್ ಶೈಲಿ. ಓದಿದ ಯಾರಿಗೂ ಇದು ಆ ಮನೆಯಿಂದಲೇ ಬಂದ ತೀರ್ಮಾನ ಎಂದು ಅನಿಸಬೇಕು, ಹಾಗೆ. ಐಸ್ ಪೆಟ್ಟಿಗೆಗೆ ಕಿವಿ ಇಟ್ಟಾಗ ನನಗೆ ಸಿಕ್ಕ ಮೆಚ್ಚುಗೆಯೇ ಇಲ್ಲೂ ಸಿಕ್ಕಿತು. ಇಬ್ಬರು ಮೆಚ್ಚಿ ಉತ್ತರಿಸಿದರು. ಪ್ಯಾಚಿನಲ್ಲಿ ತೆಗೆದುಹಾಕುವ ಪ್ರತಿ ಸಾಲಿನ ಮುಂದೆ ಒಂದು ಮೈನಸ್ ಗುರುತು ಬರುತ್ತದೆ. ಫೈಲಿನ ಸಾಲುಗಳೆಲ್ಲ ಮುಗಿದ ಮೇಲೆ ಮೇಂಟೇನರುಗಳ ಪಟ್ಟಿ ಬಂತು. ಅಂಕಲ್ ಹೆಸರಿನ ಮುಂದೆ ಒಂದು ಮೈನಸ್, ಅದರ ಕೆಳಗೆ ನನ್ನ ಹೆಸರಿನ ಮುಂದೆ ಒಂದು. ನನ್ನದು ಹೊಸ ಪ್ರೊಸೆಸರಿನ ಫೈಲುಗಳ ಮುಂದೆ ಬೇಗನೆ ಮತ್ತೆ ಸೇರುವುದಿತ್ತು.

ಸಂಜೆಯೊಳಗೆ ಅಂಕಲ್‌ರಿಂದ ಲಿಸ್ಟಿಗೆ ಒಂದೇ ಸಾಲು ಬಂತು, ಒಪ್ಪಿಗೆಯ ಸಹಿ. ನನ್ನ ಪ್ಯಾಚುಗಳು ಒಳಗೆ ಹೋದವು, ಪ್ರೊಬೇಷನ್ ಮುಗಿಯಿತು. ಟೀಮ್ ಲೀಡ್ ಕೇಕ್ ತರಿಸಿದ. ನಾನು ಅವನನ್ನೇ ಅಣಕಿಸಿ ಎಲ್ಲರನ್ನೂ ನಗಿಸಿದೆ.

ಮರುವರ್ಷ, ಹಳೆಯ ಕರ್ನೆಲ್‌ನಲ್ಲೇ ಓಡುತ್ತಿದ್ದ ಯಂತ್ರ ಸುಟ್ಟುಹೋಯಿತು; ಡಿಸ್ಕಿನಲ್ಲಿದ್ದ ಪ್ರೋಗ್ರಾಮ್, ಹಾಡುಗಳು ಮಾತ್ರ ಉಳಿದವು. ಬ್ರಿಸ್ಬೇನ್‌ನ ಸೆಖೆಗೋ, ವಯಸ್ಸಿಗೋ. ನಾನು ಅದೇ ಪ್ರೊಸೆಸರ್ ವಂಶದ ಒಂದು ಹೊಸ ಬೋರ್ಡ್ ಹುಡುಕಿ ವಿಮಾನದಲ್ಲಿ ತೆಗೆದುಕೊಂಡು ಹೋದೆ. ಹೊಸ ಬೋರ್ಡು ಹಳೆಯ ಕರ್ನೆಲ್‌ಗೆ ಏಳುವುದಿಲ್ಲ, ಹೊಸದೇ ಬೇಕು. ಆ ಫೈಲ್ ಅದರಲ್ಲಿಲ್ಲ ಎಂದು ಆಗಲೇ ನನಗೆ ಹೊಳೆಯಬೇಕಿತ್ತು. ಹೊಳೆದಿತ್ತು ಕೂಡ, ಆದರೂ ಏನೋ ಆಗಿಬಿಡುತ್ತದೆ ಎಂಬ ಹುಡುಗಾಟದ ಆಸೆ.

ಅಂಕಲ್ ಆರಾಮಕುರ್ಚಿಯಲ್ಲಿ, ಮೊಣಕಾಲ ಮೇಲೆ ಕಂಬಳಿ. ಕಿವಿ ಎರಡೂ ಒಂದೇ ಬಣ್ಣವಾಗಿದ್ದವು. ಹೊಸ ಬೋರ್ಡಿನಲ್ಲಿ ತಿರುಗುವ ಡಿಸ್ಕೇ ಇಲ್ಲ, ಕೇಳಿಸಿಕೊಳ್ಳಲು ಏನೂ ಇಲ್ಲ. ಆಂಟಿ ಕನ್ನಡಕ ಹಾಕಿಕೊಂಡು ಕೂತು, ಎಂದಿನಂತೆ ಒಂದು ಬೆರಳಲ್ಲಿ ತಮ್ಮ ಪ್ರೋಗ್ರಾಮಿನ ಹೆಸರನ್ನು ಟೈಪ್ ಮಾಡಿದರು. ಪರದೆ ಒಂದು ಸಾಲಿನ ಉತ್ತರ ಕೊಟ್ಟಿತು: ಈ ಫೈಲಿನ ರೂಪ ಸರಿಯಿಲ್ಲ, ಓಡಿಸಲಾಗದು.

"ನಾನು ಎಂತ ತಪ್ಪು ಒತ್ತಿದೆ?" ಎಂದು ಆಂಟಿ ಇನ್ನೊಮ್ಮೆ ಟೈಪ್ ಮಾಡಿದರು. ಅದೇ ಉತ್ತರ. ಮೂರನೆಯ ಸಲ ಒಂದೊಂದೇ ಅಕ್ಷರವನ್ನು ಬಾಯಲ್ಲಿ ಹೇಳಿಕೊಳ್ಳುತ್ತ ಒತ್ತಿದರು.

"ನಿನ್ನ ತಪ್ಪಲ್ಲ," ಎಂದರು ಅಂಕಲ್. "ಯಂತ್ರದ್ದೂ ತಪ್ಪಲ್ಲ. ಅದು ಗೊತ್ತಿದ್ದದ್ದು ಹೇಳ್ತಾ ಉಂಟು." ನನ್ನ ಕಡೆ ನೋಡಲಿಲ್ಲ. ನೋಡಿದ್ದರೆ ಚೆನ್ನಾಗಿತ್ತು.

ಆ ಶನಿವಾರ, ಭಾನುವಾರ ಅವರ ಊಟದ ಮೇಜಿನ ಮುಂದೆ ಕೂತು, ತೆಗೆದಿದ್ದ ಫೈಲನ್ನು ಹೊಸ ನಡುಭಾಗಕ್ಕೆ ಹೊಂದುವಂತೆ ಮತ್ತೆ ಬರೆದೆ. ಅದು ಜಗತ್ತಿನ ಕರ್ನೆಲ್‌ಗೆ ಸೇರುವುದಿಲ್ಲ, ಆ ಒಂದು ಮನೆಯ ಯಂತ್ರಕ್ಕೆ ಮಾತ್ರ. ಕೆಲವು ಕಡೆ ಸಿಕ್ಕಿಬಿದ್ದಾಗ ಅಂಕಲ್ ಕಣ್ಣು ಮುಚ್ಚಿಕೊಂಡೇ ದಾರಿ ಹೇಳಿದರು. ಒಂದು ಕಡೆ ಅವರು ಹೇಳಿದ್ದು ತಪ್ಪಾಗಿತ್ತು, ನಾನು ತಿದ್ದಿದೆ, ಸಿಟ್ಟು ಬಂದು ಒಂದು ಗಂಟೆ ಮಾತಾಡಲಿಲ್ಲ. ಅಷ್ಟರಮಟ್ಟಿಗೆ ಅವರು ಇನ್ನೂ ಅವರಾಗಿದ್ದರು. ಭಾನುವಾರ ಮಧ್ಯಾಹ್ನ ಬೀಪ್ ಬೀಪ್ ಬಂತು. ಆಂಟಿ ಹಾಡಿದರು. ಅಂಕಲ್ ಕೈ ಚಾಚಿ, "ಯಾಕೆ ಅಂತ ಬರ್ದೆಯಾ?" ಎಂದರು. ಫೋನಿನಲ್ಲಿ ತೋರಿಸಿದೆ. ಒಬ್ಬರು ಬಳಸುತ್ತಿದ್ದಾರೆ ಎಂದಷ್ಟೇ ಬರೆದಿದ್ದೆ. ಓದಿ, ಫೋನನ್ನು ಕಂಬಳಿಯ ಮೇಲೆ ಇಟ್ಟು, ಸುಮ್ಮನೆ ತಲೆ ಆಡಿಸಿದರು.

ಚಳಿಗಾಲದಲ್ಲಿ ಅವರು ಹೋದರು. ಚರ್ಚಿನಲ್ಲಿ ತಿಂಗಳ ಪೂಜೆ ನಡೆದ ದಿನ ಊಟ ಮುಗಿದು ಬಂದವರೆಲ್ಲ ಹೊರಟ ಮೇಲೆ, ಮರದ ವರಾಂಡದಲ್ಲಿ ಆಂಟಿ ನನ್ನ ಪಕ್ಕ ಬಂದು ಕೂತರು.

"ಪುತಾ, ಒಂದು ಕೇಳ್ತೇನೆ. ಆವತ್ತು ನನ್ನ ಹೆಸರು ಯಾಕೆ ಹೇಳ್ಲಿಲ್ಲ?"

ತಮಾಷೆ ಮಾಡಿ ಜಾರಿಕೊಳ್ಳುವುದರಲ್ಲಿ ನಾನು ಪಳಗಿದವನು. ಈ ಸಲ ಜಾರಿಕೊಳ್ಳಲಿಲ್ಲ. "ನನ್ನ ಕೆಲಸ ಅದಕ್ಕೆ ಸಿಕ್ಕಿಹಾಕ್ಕೊಂಡಿತ್ತು ಆಂಟಿ. ವೀಸಾ ಇತ್ತು," ಎಂದೆ.

"ಗೊತ್ತುಂಟು," ಎಂದರು ಆಂಟಿ. "ಅವರಿಗೂ ಗೊತ್ತಿತ್ತು. ಲಿಸ್ಟಿನಲ್ಲಿ ನಿನ್ನ ಪ್ಯಾಚ್ ಕಾದು ಕೂತಿದ್ದು ನೋಡ್ತಿದ್ರಲ್ಲ. ನಾನು ಆವತ್ತು ಜಗಳ ಮಾಡಿದೆ. 'ನೀವಾದ್ರೂ ಒಂದು ಮಾತು ಬರೀರಿ, ಕಂಪ್ಯೂಟರ್ ನಾನು ಬಳಸುದಲ್ವಾ' ಅಂತ. ಅದಕ್ಕೆ ಹೇಳಿದ್ರು, 'ನಾನು ಬರೆದ್ರೆ ಫೈಲ್ ಉಳೀತದೆ, ಹುಡುಗನ ಕೆಲಸ ನಿಲ್ತದೆ. ಅವನೇ ಬರೆದ್ರೆ ಬೇರೆ ಮಾತು. ಅವ ಬರೀಲಿಕ್ಕಿಲ್ಲ. ನೀನು ಒಂದೆರಡು ವರ್ಷ ಹಳೇ ಕರ್ನೆಲ್‌ನಲ್ಲಿ ಹಾಡು.' ಹಾಗೆ ಹೇಳಿ ಸಹಿ ಹಾಕಿದ್ರು."

ಅವ ಬರೀಲಿಕ್ಕಿಲ್ಲ. ನಾನು ಅವರ ದನಿಯನ್ನು ಮಾತ್ರ ಕಲಿತಿದ್ದೆ. ಅವರು ನನ್ನನ್ನು ಪೂರ್ತಿ ಓದಿದ್ದರು. ಓದಿಯೂ ಸಹಿ ಹಾಕಿದ್ದರು.

ಆಂಟಿ ಎದ್ದು ಪಾತ್ರೆ ತೊಳೆಯಲು ಹೋದರು. ಬಟ್ಟೆ ಹಿಡಿದು ಒರೆಸಲು ನಾನೂ ಹೋದೆ.

ಈಗ ಹೊಸ ಕರ್ನೆಲ್ ಬಂದಾಗಲೆಲ್ಲ ಅಡಿಲೇಡ್‌ನಲ್ಲಿ ಆಫೀಸಿಗೆ ಹೋಗುವ ಮೊದಲು ಆ ಫೈಲನ್ನು ಅದಕ್ಕೆ ಹೊಂದಿಸಿ, ಅಂಥದೇ ಇನ್ನೊಂದು ಬೋರ್ಡಿನ ಮೇಲೆ ಓಡಿಸಿ ನೋಡಿ, ಬ್ರಿಸ್ಬೇನ್‌ಗೆ ಕಳಿಸುತ್ತೇನೆ. ಯಾವ ಪಟ್ಟಿಯಲ್ಲೂ ಅದಕ್ಕೆ ಹೆಸರಿಲ್ಲ, ನೋಡಿಕೊಳ್ಳುವವರ ಹೆಸರೂ ಇಲ್ಲ. ಕಳೆದ ವಾರ ಆಂಟಿ ಫೋನ್ ಮಾಡಿ ಬೈದರು: ಕೆಳಗಿಳಿಸಿದಾಗ ಕೊನೆಯ ಸ್ವರ ಕೇಳುವುದೇ ಇಲ್ಲವಂತೆ, ಭಾನುವಾರ ಕ್ವಾಯರ್ ಇದೆಯಂತೆ, ಬೇಗ ನೋಡಬೇಕಂತೆ. ನಾನು ರಜೆ ಹಾಕಿ ನೋಡುತ್ತಿದ್ದೇನೆ.